ಕೆಟ್ಟದ್ದೆಂದೇ ಬರೆದು ಶುರುಮಾಡಿದ ಲಾಟು

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುವಾಗ ನಮ್ಮ ಲೆಕ್ಕಗಳಲ್ಲಿ ಬರುತ್ತಿದ್ದದ್ದು ಚೀಲದೊಳಗಿನ ಬಣ್ಣದ ಚೆಂಡುಗಳು, ಮೇಲೆ ಚಿಮ್ಮಿದ ನಾಣ್ಯಗಳು. ಲೆಕ್ಕ ತಪ್ಪಿದರೆ ಅಂಕ ಹೋಗುತ್ತಿತ್ತು, ಯಾರ ಕೈಕಾಲೂ ಮುರಿಯುತ್ತಿರಲಿಲ್ಲ. ಮದುವೆಯಾಗಿ ಪುಣೆಗೆ ಬಂದು, ತೊಂಬತ್ತರ ದಶಕದ ಆರಂಭದಲ್ಲಿ ಭೋಸರಿಯ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಸೇರಿದಾಗ ಚೆಂಡಿನ ಜಾಗಕ್ಕೆ ಬ್ರೇಕ್ ಕೇಬಲ್ ಬಂತು. ಆ ವಾರವೇ ನನಗೆ ಹೆದರಿಕೆ ಹತ್ತಿತು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಸೂತ್ರಗಳ ಬಗ್ಗೆ. ಸೂತ್ರ ಕಂಪ್ಯೂಟರಿನಲ್ಲಿದೆ. ನಾನು ಹೇಳಬೇಕೆಂದಿರುವುದು ಆ ಹೆದರಿಕೆಯ ಬಗ್ಗೆ.

ನಮ್ಮ ಕಾರ್ಖಾನೆ ಸ್ಕೂಟರುಗಳಿಗೆ ಬ್ರೇಕ್ ಕೇಬಲ್ ಮಾಡುತ್ತಿತ್ತು. ಹೆಣೆದ ಉಕ್ಕಿನ ತಂತಿ. ಅದರ ತುದಿಗೆ ಲೋಹ ಕರಗಿಸಿ ಎರಕ ಹೊಯ್ದು ಕೂರಿಸಿದ, ಕಡಲೆಕಾಳಿನಷ್ಟು ದೊಡ್ಡ ಗುಂಡು. ನೀವು ಬ್ರೇಕ್ ಹಿಡಿದಾಗ ಆ ಗುಂಡು ತಂತಿಯನ್ನು ಕಚ್ಚಿ ಹಿಡಿದಿದ್ದರೆ ಗಾಡಿ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಗುಂಡು ಗಟ್ಟಿಯಾಗಿದೆಯೇ ಎಂದು ತಿಳಿಯಲು ಆಗ ನಮಗಿದ್ದದ್ದು ಒಂದೇ ದಾರಿ: ಕೇಬಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ ಹರಿಯುವವರೆಗೆ ಎಳೆಯುವುದು. ಒಳ್ಳೆಯದಾದರೆ ಗುಂಡು ಜಾಗ ಬಿಡುವುದಿಲ್ಲ, ತಂತಿಯೇ ಠಣ್ಣೆಂದು ಹರಿಯುತ್ತದೆ. ಕೆಟ್ಟದ್ದಾದರೆ ಠಣ್ ಇಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗುಂಡು ಜಾರಿ ಬರುತ್ತದೆ. ಹೇಗಾದರೂ ಎಳೆದ ಕೇಬಲ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಎಲ್ಲವನ್ನೂ ಎಳೆದು ನೋಡಿದರೆ ಮಾರಲು ಏನೂ ಉಳಿಯುವುದಿಲ್ಲ. ಹಾಗಾಗಿ ಒಂದಿಷ್ಟನ್ನು ಆರಿಸಿ, ಎಳೆದು, ಅದರ ಮೇಲೆ ಉಳಿದ ಸಾವಿರಾರು ಕೇಬಲ್ಲುಗಳ ಬಗ್ಗೆ ಮಾತಾಡಬೇಕು. ಆ ಮಾತಿನ ಕೆಳಗೆ ನನ್ನ ಸಹಿ.

ಸಂಜೆ ಕಂಪನಿಯ ಬಸ್ಸು ನಿಗಡಿಗೆ ಹೊರಟರೆ ಕಿಟಕಿಯ ತುಂಬ ಸ್ಕೂಟರುಗಳೇ. ಸಿಗ್ನಲ್ಲಿನಲ್ಲಿ ನಮ್ಮ ಬಸ್ಸಿನ ಮುಂದೆ ಒಂದು ಸ್ಕೂಟರು ಬ್ರೇಕ್ ಹಿಡಿದು ನಿಲ್ಲುವವರೆಗೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ನಿಂತಿತು ಅಂದರೆ ಮುಂದಿನದನ್ನು ನೋಡುವುದು. ಪಕ್ಕದಲ್ಲಿ ಕೂತವರು ನನಗೆ ಬಸ್ಸಿನ ಪ್ರಯಾಣ ಆಗಿಬರುವುದಿಲ್ಲ ಎಂದು ತಿಳಿದು ಶುಂಠಿ ವಡಿ ಕೊಟ್ಟದ್ದುಂಟು.

ನಮ್ಮ ವಿಭಾಗದ ಮುಖ್ಯಸ್ಥರು ಇನಾಮದಾರರು, ಬೆಳಗಾವಿಯವರು. ಪುಣೆಯಲ್ಲಿ ಮೂವತ್ತು ವರ್ಷ ಕಳೆದರೂ ಕನ್ನಡದವರು ಸಿಕ್ಕರೆ ಮರಾಠಿಯ ಒಂದಕ್ಷರ ಆಡುತ್ತಿರಲಿಲ್ಲ. ನಾನು ಬರೆದ ಮೊದಲ ವರದಿಯನ್ನು ಅವರ ಮೇಜಿನ ಮೇಲಿಟ್ಟು ನಿಂತಿದ್ದೆ. ಅದರಲ್ಲಿ, ಆ ದಿನ ಎಳೆದ ಐವತ್ತು ಕೇಬಲ್ಲುಗಳಲ್ಲಿ ಒಂದು ಕೆಟ್ಟಿದ್ದರಿಂದ, ಶೂನ್ಯ ಊಹೆಯ ಜಾಗದಲ್ಲಿ, ಅಂದರೆ ತಪ್ಪೆಂದು ಸಾಕ್ಷಿ ಸಿಗುವವರೆಗೆ ನಿಜವೆಂದು ಹಿಡಿಯುವ ಎಚ್-ನಾಟ್‌ನಲ್ಲಿ, ‘ಸ್ಯಾಂಪಲ್ಲಿನಲ್ಲಿ ಕೆಟ್ಟವುಗಳ ಪ್ರಮಾಣ ಐವತ್ತಕ್ಕೊಂದು’ ಎಂದು ಬರೆದಿದ್ದೆ.

“ಇದೇನ್ರೀ ವತ್ಸಲಾಬಾಯಿ? ಟೊಪ್ಪಿಗಿ ಹಾಕ್ಕೊಂಡಿರೋ ಪೀ ತಂದು ಎಚ್-ನಾಟ್‌ದಾಗ ಕುಂಡ್ರಿಸೀರಲ್ಲ?”

ಸ್ಯಾಂಪಲ್ಲಿನ ಪ್ರಮಾಣವನ್ನು ನಾವು ಪೀ ಅಕ್ಷರದ ಮೇಲೆ ಟೊಪ್ಪಿಗೆಯಂಥ ಗುರುತು ಹಾಕಿ ಬರೆಯುತ್ತೇವೆ. ಇಡೀ ಲಾಟಿನ, ಅಂದರೆ ಒಂದೇ ಸರದಿಯಲ್ಲಿ ತಯಾರಾದ ಎಲ್ಲ ಕೇಬಲ್ಲುಗಳ, ನಿಜವಾದ ಪ್ರಮಾಣ ಬರಿಯ ಪೀ.

“ಸ್ಯಾಂಪಲ್‌ದಾಗ ಬಂದದ್ದು ಅಷ್ಟಽ ಅದರಿ ಸರ್,” ಎಂದೆ.

“ಅದು ನಿಮ್ಮ ಕಣ್ಣಿಗೆ ಕಂಡದ. ಕಂಡದ್ದರ ಬಗ್ಗೆ ಊಹಾ ಯಾಕ ಮಾಡ್ತೀರಿ? ಗೋಡೌನ್‌ದಾಗ ಬಿದ್ದಾವಲ್ಲ, ಯಾರೂ ಎಳೆದು ನೋಡದ ಕೇಬಲ್ಲು, ಅವುಗಳಾಗ ಕೆಟ್ಟವು ಯಾವ ಪ್ರಮಾಣದಾಗ ಅವ? ಅದರ ಬಗ್ಗೆ ಮಾತಾಡ್ರಿ. ಎಚ್-ನಾಟ್‌ದಾಗೂ ಎಚ್-ಒನ್‌ದಾಗೂ ಬರಿದಲೆಯವನೇ ಬರಬೇಕು. ಟೊಪ್ಪಿಗಿಯವ ಸಾಕ್ಷಿ ಹೇಳೋವ, ಅವ ಹೊರಗ ನಿಂದ್ರಲಿ.”

ಆಮೇಲೆ ತಾವೇ ಕಾಗದ ಎಳೆದುಕೊಂಡು ಬರೆದರು. ಎಚ್-ನಾಟ್ ಎಂದರೆ ಶೂನ್ಯ ಊಹೆ: ಲಾಟಿನಲ್ಲಿ ಕೆಟ್ಟವುಗಳ ಪ್ರಮಾಣ ನೂರಕ್ಕೊಂದು ಅಥವಾ ಅದಕ್ಕಿಂತ ಕಡಿಮೆ. ಎಚ್-ಒನ್ ಎಂದರೆ ಪರ್ಯಾಯ ಊಹೆ: ನೂರಕ್ಕೊಂದಕ್ಕಿಂತ ಹೆಚ್ಚು. ‘ಸಮ’ ಎನ್ನುವ ಮಾತು ಯಾವಾಗಲೂ ಎಚ್-ನಾಟ್ ಪಾಲಿಗೆ ಬರಬೇಕು, ಲೆಕ್ಕಕ್ಕೆ ಕಾಲೂರಲು ಒಂದು ಗಟ್ಟಿ ಜಾಗ ಬೇಕಲ್ಲ ಎಂದರು. ವರದಿಯ ಕೊನೆಯಲ್ಲಿ ನಾನು ‘ಲಾಟು ಒಳ್ಳೆಯದೆಂದು ಸಾಬೀತಾಯಿತು’ ಎಂದು ಬರೆದಿದ್ದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, “ಶಿವಾಜಿನಗರದ ಕೋರ್ಟ್‌ದಾಗ ಸಾಕ್ಷಿ ಸಾಲದ ಬಿಟ್ಟವರೆಲ್ಲ ಸಂಭಾವಿತರೇನ್ರೀ?” ಎಂದರು. ‘ಕೆಟ್ಟದ್ದೆನ್ನಲು ಸಾಕ್ಷಿ ಸಾಲದು’ ಎಂದು ತಿದ್ದಿದರು.

ನನಗೆ ಅಲ್ಲೇ ಒಂದು ಸಂಶಯ ಬಂತು. “ಸರ್, ಹಂಗಾದ್ರ ನಮಗ ಏನೂ ಗೊತ್ತಾಗದಿದ್ದಾಗ ಲಾಟು ಒಳ್ಳೇದು ಅಂತ ಹಿಡಿದಂಗಾತಲ್ರಿ?”

ಇನಾಮದಾರರು ಪೆನ್ನು ಕೆಳಗಿಟ್ಟರು. “ಹೌದು. ಗೊತ್ತಾಗದಿದ್ದಾಗ ಯಾವ ಮಾತಿಗೆ ಜೋತು ಬೀಳ್ತೀವೋ ಅದಽ ಎಚ್-ನಾಟ್. ದಿನಾ ಒಳ್ಳೇದು ಅಂತ ಹಿಡೀತೀವಿ. ಎರಕ ಹೊಯ್ಯೋ ಪದ್ಧತಿ ಮ್ಯಾಲ ಭರೋಸಾ ಅದ ಅಂತ ಹಿಡೀತೀವಿ.”

“ಭರೋಸಾ ಹೋದ್ರ?”

“ಆವಾಗ ತಿರುವಿ ಬರೀಬೇಕು.” ಕೆಳಗಿಟ್ಟ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು, “ಅಂಥಾ ದಿನಾ ನನಗ ಇನ್ನೂತನ ಬಂದಿಲ್ಲ. ಬರೋದೂ ಬ್ಯಾಡ,” ಎಂದರು.

ಆ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಅವರ ಮುಖ ನೋಡಿದರೆ ಅವರಿಗೂ ಕೊಟ್ಟಂತಿರಲಿಲ್ಲ.

ನಾನು ಹೆದರುತ್ತಿದ್ದ ಇನ್ನೊಬ್ಬರು ಕಾರ್ಖಾನೆಯ ಮುಖ್ಯಸ್ಥ ಮೋಹೋಳಕರ ಸಾಹೇಬರು. ಸೊಲ್ಲಾಪುರದ ಕಡೆಯವರು. ಮನೆಮಾತು ಮರಾಠಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಸಿಟ್ಟು ಬಂದಾಗ ಮರಾಠಿ, ನಮ್ಮಿಂದ ಕೆಲಸ ಆಗಬೇಕಾದಾಗ ಕನ್ನಡ. ಅವರು ಕೆಟ್ಟವರಲ್ಲ, ಅವಸರದವರು. ಸ್ಕೂಟರ್ ಕಂಪನಿಯ ಜೋಡಣೆ ಸಾಲು ನಮ್ಮ ಕೇಬಲ್ಲಿಲ್ಲದೆ ನಿಂತರೆ ಅವರಿಗೆ ಮೇಲಿನಿಂದ ಬರುವ ಫೋನು ನಮಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಒಮ್ಮೆ ಎರಕದ ಹೊಸ ಯಂತ್ರವೊಂದನ್ನು ಪರೀಕ್ಷೆಗೆ ತಂದು ನಿಲ್ಲಿಸಿದರು. ಹಳೆಯ ಯಂತ್ರದಲ್ಲಿ ನೂರಕ್ಕೆ ನಾಲ್ಕು ಗುಂಡುಗಳ ಮೈಮೇಲೆ ಸಣ್ಣ ತೂತು ಬೀಳುತ್ತಿತ್ತು. ಹೊಸದರಲ್ಲಿ ಕಡಿಮೆಯಾಗುತ್ತದೆಂದು ಮಾರುವವರ ಮಾತು. ಮೋಹೋಳಕರರಿಗೆ ಆ ಯಂತ್ರ ಮೊದಲ ನೋಟಕ್ಕೇ ಹಿಡಿಸಿರಲಿಲ್ಲ. ಇನಾಮದಾರರು ಒಂದು ಗುಂಡನ್ನೂ ಹೊಯ್ಯುವ ಮೊದಲೇ ಎಲ್ಲರನ್ನೂ ಕರೆದು ಕರಿಹಲಗೆಯ ಮೇಲೆ ಬರೆಸಿದರು. ಎಚ್-ನಾಟ್: ತೂತಿನ ಪ್ರಮಾಣ ನೂರಕ್ಕೆ ನಾಲ್ಕು ಅಥವಾ ಹೆಚ್ಚು. ಎಚ್-ಒನ್: ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನಾವು ಏನನ್ನು ತೋರಿಸಬೇಕೆಂದಿದ್ದೇವೋ ಅದು ಎಚ್-ಒನ್‌ನಲ್ಲಿ.

ಫಲಿತಾಂಶ ಬಂದಾಗ ತೂತುಗಳು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚೇ ಇದ್ದವು. ಮೋಹೋಳಕರರು ಗೆದ್ದವರ ಹಾಗೆ ನಮ್ಮ ಕೋಣೆಗೆ ಬಂದರು.

“ಆತಲ್ಲ? ಈಗ ಎಚ್-ಒನ್ ತಿದ್ದಿ ಹೆಚ್ಚು ಅಂತ ಬರೀರಿ. ಯಂತ್ರ ಕೆಟ್ಟದ್ದು ಅಂತ ಸಾಬೀತಾತು.”

“ಆಗೂದಿಲ್ಲ,” ಎಂದರು ಇನಾಮದಾರರು. “ನಾವು ಕೇಳಿದ್ದು ಕಡಿಮಿ ಆಗ್ತದೇನು ಅಂತ. ಆಗ್ತದ ಅನ್ನಲಿಕ್ಕೆ ಸಾಕ್ಷಿ ಬರಲಿಲ್ಲ. ಇವತ್ತಿನ ಉತ್ತರ ಇಷ್ಟಽ. ಹೆಚ್ಚು ಆಗ್ತದೇನು ಅಂತ ಕೇಳಬೇಕಂದ್ರ ಹೊಸಾ ಸ್ಯಾಂಪಲ್ ತರಸ್ರಿ.”

“ಡೋಳ್ಯಾಸಮೋರ್ ಆಹೇ ನಾ! ಕಣ್ಣೆದುರಿಗೆ ಅದ!”

“ಕಣ್ಣೆದುರಿಗೆ ಇಟ್ಕೊಂಡು ಪ್ರಶ್ನೆ ಬರದ್ರ ಉತ್ತರ ಯಾವಾಗ್ಲೂ ನಮ್ಮ ಕಡೀನಽ ಬೀಳ್ತದರಿ ಸಾಹೇಬ್ರ.”

ಮೋಹೋಳಕರರು ಮೇಜು ಗುದ್ದಿದರು. ಚಹಾದ ಕಪ್ಪು ಉರುಳಿತು. ನಾನು ಫೈಲುಗಳನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತೆ. ಕೊನೆಗೆ ಹೊಸ ಪ್ರಶ್ನೆ ಬರೆದು, ಹೊಸ ಸ್ಯಾಂಪಲ್ಲು ತೆಗೆದು ನೋಡಿದಾಗ ಯಂತ್ರ ಹಳೆಯದಕ್ಕಿಂತ ಕೆಟ್ಟದ್ದೆನ್ನಲು ಏನೂ ಸಿಗಲಿಲ್ಲ. ಒಳ್ಳೆಯದೆನ್ನಲು ಮೊದಲೇ ಸಿಕ್ಕಿರಲಿಲ್ಲ. ಯಂತ್ರವನ್ನು ವಾಪಸು ಕಳಿಸಿದರು. ಇಬ್ಬರು ಸಾಹೇಬರೂ ಸುಮಾರು ದಿನ ಕ್ಯಾಂಟೀನಿನಲ್ಲಿ ಬೇರೆಬೇರೆ ಮೇಜಿನಲ್ಲಿ ಊಟ ಮಾಡಿದರು.

ಇನಾಮದಾರರು ನಿವೃತ್ತರಾಗಿ ಬೆಳಗಾವಿಗೆ ಹೋದ ಮೇಲೆ ಆ ಕುರ್ಚಿ ನನಗೆ ಬಂತು. ಅದೇ ಹೊತ್ತಿಗೆ ಕಂಪ್ಯೂಟರೂ ಬಂತು. ಮೊದಲು ಕೋಷ್ಟಕದ ಪುಸ್ತಕ, ಕ್ಯಾಲ್ಕುಲೇಟರು ಹಿಡಿದು ಅರ್ಧ ದಿನ ಮಾಡುತ್ತಿದ್ದ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ಮುಗಿಯತೊಡಗಿತು. ಅದರಲ್ಲಿ ಪರ್ಯಾಯ ಊಹೆಗೆ ಮೂರು ಆಯ್ಕೆಗಳಿದ್ದವು: ಕಡಿಮೆ, ಹೆಚ್ಚು, ಸಮವಲ್ಲ. ‘ಸಮವಲ್ಲ’ ಎಂಬುದರ ಮೇಲೆ ಗುರುತು ಮೊದಲೇ ಬಿದ್ದಿರುತ್ತಿತ್ತು. ಹೊಸದಾಗಿ ಬಂದ ಇಂಜಿನಿಯರುಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ನಾನು ಕೇಳಿದರೆ, “ಅದು ಆಲ್ರೆಡಿ ಸೆಲೆಕ್ಟ್ ಆಗಿತ್ತು ಮ್ಯಾಡಮ್,” ಎಂದು ಬೆಂಗಳೂರಿನಿಂದ ಬಂದ ಒಬ್ಬ ಇಂಜಿನಿಯರು ಹೇಳಿದ. ಪ್ರಶ್ನೆಯನ್ನು ಯಾರೂ ಕೇಳದೆ ಉತ್ತರ ಬರುವುದನ್ನು ನಾನು ಮೊದಲ ಸಲ ನೋಡಿದ್ದು ಆಗ. ಅದೂ ಒಂದು ಹೆದರಿಕೆಯೇ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಲೋಡ್ ಶೆಡ್ಡಿಂಗಿನ ಕಾಲ. ಕರೆಂಟು ಹೇಳಿಯೂ ಹೋಗುತ್ತಿತ್ತು, ಹೇಳದೆಯೂ ಹೋಗುತ್ತಿತ್ತು. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಸ್ಕೂಟರ್ ಕಂಪನಿಯಿಂದ ಬಂದ ಸಣ್ಣ ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಒಂದೇ ಒಂದು ಕೇಬಲ್, ನಮ್ಮದೇ. ತಂತಿ ಒಂದು ಕಡೆ, ಗುಂಡು ಒಂದು ಕಡೆ. ಗುಂಡಿನಲ್ಲಿ ತಂತಿ ಕೂತಿದ್ದ ತೂತು ಒಳಗೆಲ್ಲ ನುಣ್ಣಗಿತ್ತು, ತಂತಿಯನ್ನು ಅದು ಕಚ್ಚಿಯೇ ಇರಲಿಲ್ಲ. ಜೊತೆಗೆ ಬಂದ ಕಂಪನಿಯ ಮನುಷ್ಯ ಹೇಳಿದ: ಒಬ್ಬ ಹೆಣ್ಣುಮಗಳು ಚಾಂದಣಿ ಚೌಕದ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಹಿಡಿದರೆ ಹಿಡಿಕೆ ಸಡಿಲಾಗಿ ಕೈಗೆ ಬಂತಂತೆ. ಪಕ್ಕದ ಮಣ್ಣಿನ ದಿಬ್ಬಕ್ಕೆ ಗಾಡಿ ಹಾಯಿಸಿ ಬಿದ್ದಿದ್ದಾಳೆ. ಕಾಲು ಮುರಿದಿದೆ. ಹಿಂದೆ ಟ್ರಕ್ಕಿತ್ತಂತೆ, ಅದರ ಡ್ರೈವರು ತಪ್ಪಿಸಿದನಂತೆ.

ಆ ‘ಅಂತೆ’ಗಳನ್ನು ಕೇಳುತ್ತ ಗುಂಡನ್ನು ಮುಟ್ಟಿ ನೋಡಿದವಳು ಸೀರೆಗೆ ಕೈ ಒರೆಸಿಕೊಂಡೆ.

ಕೇಬಲ್ಲಿನ ಮೇಲಿನ ಗುರುತು ನೋಡಿ ಯಾವ ಲಾಟೆಂದು ತಿಳಿಯುವುದು ಕಷ್ಟವಾಗಲಿಲ್ಲ. ಆ ಲಾಟಿನ ಅರ್ಧ ಆಗಲೇ ಸ್ಕೂಟರುಗಳಿಗೆ ಸೇರಿ ರಸ್ತೆಗಿಳಿದಿತ್ತು. ಇನ್ನರ್ಧ ನಮ್ಮ ಗೋಡೌನಿನಲ್ಲಿತ್ತು. ಅದನ್ನು ಎರಕ ಹೊಯ್ದ ದಿನ ಕರೆಂಟು ಪದೇ ಪದೇ ಹೋಗಿತ್ತೆಂದು ಎರಕದವರು ಹೇಳಿದರು. ಕರೆಂಟು ಹೋದಾಗ ಕುಲುಮೆಯ ಲೋಹ ಆರುತ್ತದೆ. ಬಂದ ಮೇಲೆ ಸಾಕಷ್ಟು ಕಾಯುವ ಮೊದಲೇ ಹೊಯ್ದರೆ ಗುಂಡು ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ತಂತಿಯನ್ನು ಹಿಡಿಯುವುದಿಲ್ಲ. ಆ ದಿನ ಎಷ್ಟು ಗುಂಡುಗಳನ್ನು ಹಾಗೆ ಹೊಯ್ದರೋ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಮೋಹೋಳಕರರು ಕರೆಸಿದರು. ಮೇಜಿನ ಮೇಲೆ ವರದಿ ತಯಾರಿತ್ತು. ಆ ಲಾಟಿನಿಂದ ಮೂವತ್ತು ಕೇಬಲ್ ತೆಗೆದು ಎಳೆಸಿದ್ದರು. ಮೂವತ್ತೂ ಠಣ್ಣೆಂದಿದ್ದವು.

“ಬರ್ರಿ ಮ್ಯಾಡಮ್. ನಿಮ್ಮ ಪದ್ಧತಿ ಪ್ರಕಾರನಽ ಮಾಡೀವಿ. ಎಚ್-ನಾಟ್: ಕೆಟ್ಟವು ನೂರಕ್ಕೊಂದು ಅಥವಾ ಕಡಿಮಿ. ಮೂವತ್ತರಾಗ ಒಂದೂ ಕೆಟ್ಟಿಲ್ಲ. ಎಚ್-ನಾಟ್ ತಳ್ಳಿಹಾಕ್ಲಿಕ್ಕೆ ಏನೂ ಇಲ್ಲ. ಸಹಿ ಮಾಡ್ರಿ, ಸಂಜೀಕ ಟ್ರಕ್ ಹೋಗಬೇಕು.”

ಅವರು ಹೇಳಿದ್ದರಲ್ಲಿ ಪುಸ್ತಕದ ತಪ್ಪು ಒಂದೂ ಇರಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು.

“ಸರ್, ಈ ಲಾಟಿಗೆ ಎಚ್-ನಾಟ್ ತಿರುವಿ ಬರೀಬೇಕ್ರಿ.”

“ಮ್ಹಣಜೇ? ಅಂದ್ರ?”

“ಎಚ್-ನಾಟ್: ಕೆಟ್ಟವು ನೂರಕ್ಕೊಂದು ಅಥವಾ ಅದಕ್ಕಿಂತ ಹೆಚ್ಚು. ಎಚ್-ಒನ್: ನೂರಕ್ಕೊಂದಕ್ಕಿಂತ ಕಡಿಮಿ.”

“ನನ್ನ ಮಾಲು ಕೆಟ್ಟದ್ದು ಅಂತ ಮೊದಲಽ ಬರೀತೀರಿ?”

“ಹೌದ್ರಿ. ಕೆಟ್ಟದ್ದು ಅಂತ ಬರದು, ಅದನ್ನ ಸುಳ್ಳು ಮಾಡ್ಲಿಕ್ಕೆ ನೋಡೋಣ. ದಿನಾ ನಾವು ಒಳ್ಳೇದು ಅಂತ ಹಿಡೀತಿದ್ವಿ, ಕುಲುಮಿ ಮ್ಯಾಲ ಭರೋಸಾ ಇತ್ತು. ಆ ದಿನದ ಕುಲುಮಿ ಮ್ಯಾಲ ನನಗ ಭರೋಸಾ ಇಲ್ಲ. ಅಲ್ಲದ ಸರ್, ನೂರಕ್ಕೊಂದು ಕೆಟ್ಟಿರೋ ಲಾಟಿನಿಂದ ಮೂವತ್ತು ತೆಗೆದ್ರ, ನಾಲ್ಕು ಸಲದಾಗ ಮೂರು ಸಲ ಮೂವತ್ತೂ ಛಲೋನಽ ಬರ್ತಾವ. ಈ ಮೂವತ್ತು ಏನೂ ಹೇಳಂಗಿಲ್ಲ.”

“ಹಂಗಾದ್ರ ಎಷ್ಟು ಬೇಕು ನಿಮಗ?”

“ಮುನ್ನೂರು. ಒಂದೂ ಜಾರಬಾರದು. ನೂರಕ್ಕೊಂದು ಕೆಟ್ಟಿರೋ ಲಾಟಿನಿಂದ ಮುನ್ನೂರೂ ಗಟ್ಟಿ ಬರೋದು ಇಪ್ಪತ್ತು ಸಲಕ್ಕ ಒಂದು ಸಲ ಅಷ್ಟಽ. ಜಾರಲಿಲ್ಲಂದ್ರ ಎಚ್-ನಾಟ್ ತಳ್ಳಿಹಾಕಿ ನಾನಽ ಸಹಿ ಮಾಡ್ತೀನಿ.”

ಆಮೇಲೆ ಬಂದದ್ದೆಲ್ಲ ಮರಾಠಿ. ಮುನ್ನೂರು ಒಳ್ಳೆಯ ಕೇಬಲ್ಲು ಹರಿಯುವುದೆಂದರೇನು, ಕಂಪನಿಯ ಸಾಲು ನಿಂತರೆ ಯಾರು ಉತ್ತರ ಕೊಡುತ್ತಾರೆ, ಪುಸ್ತಕ ಓದಿದವರನ್ನು ಕಾರ್ಖಾನೆಗೆ ತಂದವರು ಯಾರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಪೆನ್ನಿನ ಮುಚ್ಚಳ ಮಾತ್ರ ಹಾಕಿದೆ. ಅದನ್ನು ನೋಡಿ ಅವರು ಸುಮ್ಮನಾದರು. “ಎಳೀರಿ ಮುನ್ನೂರು,” ಎಂದರು.

ಸಂಜೆ ನಿಗಡಿಯ ಬಸ್ ಸ್ಟಾಪಿನ ಪಕ್ಕದ ಎಸ್‌ಟಿಡಿ ಅಂಗಡಿಯಿಂದ ಇನಾಮದಾರರಿಗೆ ಫೋನು ಮಾಡಿದೆ. ಎಲ್ಲ ಕೇಳಿಕೊಂಡರು.

“ಸರ್, ಲಾಟು ಖರೇನಽ ಛಲೋ ಇದ್ರ? ಸುಮ್ಮನ ಎಲ್ಲಾರ್ನೂ ನಿಲ್ಲಿಸಿದಂಗಾಗ್ತದ.”

“ಆಗ್ತದ. ಹೆಂಗ ಬರದ್ರೂ ಒಂದು ತಪ್ಪು ಆಗೋ ದಾರಿ ತೆರೆದಽ ಇರ್ತದ ವತ್ಸಲಾಬಾಯಿ. ಯಾವ ತಪ್ಪಿಗೆ ಹೆಚ್ಚು ಹೆದರ್ತೀರಿ, ಅದನ್ನ ನೋಡಿ ಬರೀಬೇಕು. ನೀವು ಯಾವುದಕ್ಕ ಹೆದರ್ತೀರಿ?”

“ಎರಡಕ್ಕೂ ಹೆದರ್ತೀನ್ರಿ.”

“ಹೆಚ್ಚು ಯಾವುದಕ್ಕ?”

ಅವರು ಉತ್ತರಕ್ಕೆ ಕಾಯದೆ ಆರೋಗ್ಯ ವಿಚಾರಿಸಿ ಫೋನಿಟ್ಟರು.

ಮರುದಿನ ಎಳೆಯುವ ಯಂತ್ರದ ಮುಂದೆ ಶೋಭಾ ಶಿಂದೆ ಕೂತಳು. ಹತ್ತು ವರ್ಷದಿಂದ ಆ ಯಂತ್ರ ನಡೆಸುತ್ತಿದ್ದವಳು. ಪೆಟ್ಟಿಗೆಗಳನ್ನು ಮೇಲಿನಿಂದ, ನಡುವಿನಿಂದ, ತಳದಿಂದ ಗೊತ್ತುಗುರಿಯಿಲ್ಲದೆ ಆರಿಸಿ ತರಿಸಿದ್ದೆ. ಠಣ್. ಠಣ್. ನಾನು ಅವಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಪ್ರತಿಸಲವೂ ತಂತಿ ಠಣ್ಣೆಂದ ಮೇಲೆ ಪಟ್ಟಿಯಲ್ಲಿ ಒಂದು ಗೀಟು ಹಾಕುತ್ತಿದ್ದೆ. ನೂರು ದಾಟಿತು, ಇನ್ನೂರು ದಾಟಿತು. ಊಟದ ಬಿಡುವಿನ ಮೇಲೆ ಮೋಹೋಳಕರರೂ ಬಂದು ಕೈಕಟ್ಟಿ ನಿಂತರು. ಒಂದೂ ಜಾರಿರಲಿಲ್ಲ. ‘ಹೀಗೇ ಮುಗಿದುಹೋಗಲಿ, ನನ್ನದೇ ಅತಿಯಾಯಿತು ಎಂದಾಗಲಿ, ಬೈಸಿಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಇನ್ನೇನು ಮುಗಿಯಿತು ಎನ್ನುವಾಗ ಒಮ್ಮೆ ಸದ್ದು ಬರಲಿಲ್ಲ.

ಶೋಭಾ ಯಂತ್ರ ನಿಲ್ಲಿಸಿ ತಿರುಗಿದಳು. “ಮ್ಯಾಡಮ್, ಹೇ ಬಘಾ,” ಎಂದು ಅಂಗೈ ಚಾಚಿದಳು. ಗುಂಡು ಅಲ್ಲಿತ್ತು. ಒಳಗೆ ನುಣ್ಣಗೆ.

ಉಳಿದವನ್ನೂ ಎಳೆದೆವು, ಅವೆಲ್ಲ ಗಟ್ಟಿಯಿದ್ದವು. ಮುನ್ನೂರಕ್ಕೆ ಒಂದು ಜಾರಿತ್ತು.

“ಮುನ್ನೂರಕ್ಕೊಂದು!” ಎಂದರು ಮೋಹೋಳಕರರು. “ನೂರಕ್ಕೊಂದಕ್ಕಿಂತ ಎಷ್ಟೋ ಕಡಿಮಿ. ನಿಮ್ಮ ಎಚ್-ಒನ್ ಇದಽ ಅಲ್ಲೇನು?”

“ಅದು ಟೊಪ್ಪಿಗಿಯವನ ಮಾತು ಸರ್. ಸ್ಯಾಂಪಲ್ಲಿಂದು. ನೂರಕ್ಕೊಂದು ಕೆಟ್ಟಿರೋ ಲಾಟಿನಿಂದಾನೂ ಮುನ್ನೂರಕ್ಕ ಒಂದು ಅಥವಾ ಸೊನ್ನೆ ಬರೋದು ಐದು ಸಲಕ್ಕ ಒಂದು ಸಲ ಆಗ್ತದ. ಅದರ ಮ್ಯಾಲ ಎಚ್-ನಾಟ್ ತಳ್ಳಿಹಾಕ್ಲಿಕ್ಕೆ ಬರಂಗಿಲ್ಲ. ಒಂದೂ ಜಾರಬಾರದು ಅಂತ ನಿನ್ನೆನಽ ಮಾತಾಗಿತ್ತಲ್ರಿ.”

ಅವರು ನನ್ನನ್ನೇ ನೋಡಿದರು. ಮುಖ ಕೆಂಪಾಗಿತ್ತು. “ಸರಿ. ಪೂರಾ ಲಾಟು ಎಳೀರಿ. ಗೋಡೌನ್‌ದಾಗ ಇರೋದೆಲ್ಲ. ಹೆಂಗೂ ನೀವು ಕಳಸೂದಿಲ್ಲ. ನಿಮ್ಮ ಎಚ್-ನಾಟ್ ಖರೇ ಏನು ಸುಳ್ಳೇನು, ನೋಡೇ ಬಿಡೋಣ.”

ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಹಿಂತೆಗೆದುಕೊಳ್ಳಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಒಂದು ಲಾಟಿನ ಬರಿದಲೆಯ ಪೀ ಅನ್ನು ಕಣ್ಣಾರೆ ನೋಡಿದ್ದು ಅದೊಂದೇ ಸಲ. ಆ ದಿನಗಳಲ್ಲಿ ನನಗೆ ಅನ್ನ ರುಚಿಸಲಿಲ್ಲ. ನಮ್ಮ ಮನೆಯವರು, “ಏನು ಹೆದರ್ತೀ? ಒಂದೋ ನಿನ್ನ ಮಾತು ಖರೇ ಆಗ್ತದ, ಇಲ್ಲಾ ಲಾಟು ಛಲೋ ಅಂತ ಆಗ್ತದ. ಎರಡೂ ಒಳ್ಳೇದಽ,” ಎಂದರು. ನನಗೆ ಎರಡೂ ಹೆದರಿಕೆಯೇ: ಮೊದಲನೆಯದಾದರೆ ಅಂಥವೇ ರಸ್ತೆಯ ಮೇಲೂ ಓಡುತ್ತಿವೆ, ಎರಡನೆಯದಾದರೆ ಒಳ್ಳೆಯ ಮಾಲನ್ನು ಹಾಳುಮಾಡಿದವಳು ನಾನು.

ಎಲ್ಲವನ್ನೂ ಎಳೆದು ಮುಗಿದಾಗ ಕೆಟ್ಟವುಗಳ ಪ್ರಮಾಣ ನೂರಕ್ಕೆ ಅರ್ಧವೂ, ಅಂದರೆ ಇನ್ನೂರಕ್ಕೊಂದೂ ಬರಲಿಲ್ಲ.

ಅಂದರೆ ನನ್ನ ಎಚ್-ನಾಟ್ ಸುಳ್ಳಾಗಿತ್ತು. ನಾವೇ ಹಾಕಿಕೊಂಡ ಗೆರೆಯ ಪ್ರಕಾರ ಅದು ಒಳ್ಳೆಯ ಲಾಟು. ಆ ಒಳ್ಳೆಯ ಲಾಟನ್ನು ನಾನು ನಿಲ್ಲಿಸಿದ್ದೆ, ಈಗ ಅದು ಗುಜರಿ ಸಾಮಾನಾಗಿ ಬಿದ್ದಿತ್ತು. ಶೋಭಾ ಜಾರಿದ ಗುಂಡುಗಳನ್ನು ಒಂದು ಸ್ಟೀಲಿನ ತಟ್ಟೆಯಲ್ಲಿ ಕೂಡಿಸಿಟ್ಟಿದ್ದಳು. ಅದನ್ನು ಹಿಡಿದುಕೊಂಡು ಮೋಹೋಳಕರರ ಕೋಣೆಗೆ ಹೋದೆ. ನೌಕರಿ ಹೋಯಿತೆಂದೇ ಮೆಟ್ಟಿಲು ಹತ್ತಿದೆ.

ಹೇಳಿದ್ದನ್ನು ಅವರು ಕೇಳಿದರು. ಮೊದಲು ನಕ್ಕರು. “ಬಘಾ! ಅರ್ಧಾನೂ ಇಲ್ಲ. ನಾ ಹೇಳಿದ್ದೆ ಇಲ್ಲೋ?”

“ಹೌದ್ರಿ ಸರ್. ನೀವು ಹೇಳಿದ್ದು ಖರೇ ಆತು.”

ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಅವರು ಒಂದು ಗುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅದನ್ನು ಇಟ್ಟು ಇನ್ನೊಂದನ್ನು ಎತ್ತಿದರು. ಹಾಗೆ ಎಷ್ಟೋ ಹೊತ್ತು ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದರು. ಸಾಲು ಮೇಜಿನ ಈ ಅಂಚಿನಿಂದ ಆ ಅಂಚು ಮುಟ್ಟಿತು. ನಗು ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ.

“ಇಷ್ಟ ಮಂದಿ,” ಎಂದರು.

ಗುಂಡಿಗೊಬ್ಬ ಸವಾರನಂತೆ ಸಾಲನ್ನು ಬೆರಳಿನಿಂದ ಎಣಿಸಿ ಕೇಳಿದರು:

“ಈ ನೂರಕ್ಕೊಂದು ಅಂತ ಯಾರು ಬರದದ್ದು?”

“ಗೊತ್ತಿಲ್ಲರಿ. ನಾ ಬರೋಕಿಂತ ಮೊದಲಿಂದ ಅದ. ಇನಾಮದಾರ ಸಾಹೇಬ್ರು ಬರೋಕಿಂತ ಮೊದಲಿಂದಾನೂ ಇರಬೇಕು.”

“ಯಾವ ಲೆಕ್ಕದ ಮ್ಯಾಲ?”

“ಅದಕ್ಕ ಲೆಕ್ಕ ಇರೂದಿಲ್ಲರಿ ಸರ್. ಗೆರಿ ಎಲ್ಲಿ ಎಳೀಬೇಕು ಅಂತ ಲೆಕ್ಕ ಹೇಳಂಗಿಲ್ಲ. ಎಳೆದ ಮ್ಯಾಲ ಲೆಕ್ಕ ಶುರುವಾಗ್ತದ.”

“ಇನ್ನರ್ಧ ರಸ್ತಾದ ಮ್ಯಾಲ ಅದಲ್ಲ?”

“ಹೌದ್ರಿ.”

“ಅದರಾಗೂ ಇಷ್ಟಽ ಇರ್ತಾವ?”

“ಹೆಚ್ಚೂ ಇರಬಹುದು, ಕಡಿಮಿನೂ ಇರಬಹುದು. ಯಾರೂ ಎಳೆದಿಲ್ಲಲ್ರಿ.”

ಅವರ ಮುಖದಲ್ಲಿ ಆಗ ಬಂದದ್ದು ಸಿಟ್ಟಲ್ಲ. ನನಗೆ ಅದು ಚೆನ್ನಾಗಿ ಪರಿಚಯವಿದ್ದ ಮುಖ, ಬಸ್ಸಿನ ಕಿಟಕಿಯ ಗಾಜಿನಲ್ಲಿ ದಿನಾ ನೋಡುತ್ತಿದ್ದದ್ದು. ಫೋನು ಎಳೆದುಕೊಂಡು ಸ್ಕೂಟರ್ ಕಂಪನಿಗೆ ಹಚ್ಚಿದರು. ಆಚೆ ಯಾರು ಎತ್ತಿದರೋ. ಮೋಹೋಳಕರರು ಮರಾಠಿಯಲ್ಲಿ, ಆದರೆ ಸಿಟ್ಟಿಲ್ಲದ ಮರಾಠಿಯಲ್ಲಿ, ನಮ್ಮ ಲಾಟಿನಲ್ಲಿ ದೋಷವಿದೆ, ಹೊರಗೆ ಹೋದ ಪ್ರತಿಯೊಂದು ಕೇಬಲ್ಲನ್ನೂ ಬದಲಿಸಬೇಕು, ಹೊಸದನ್ನು ನಾವು ಕೊಡುತ್ತೇವೆ ಎಂದರು. ಆಚೆಯವರು ಏನೋ ಕೇಳಿದರು. “ಟಕ್ಕೇವಾರಿ ವಿಚಾರೂ ನಕಾ,” ಎಂದರು. ಶೇಕಡಾವಾರು ಕೇಳಬೇಡಿ ಎಂದು.

ಕೆಲವು ತಿಂಗಳಲ್ಲಿ ಕಾರ್ಖಾನೆಯ ಪದ್ಧತಿಯೇ ಬದಲಾಯಿತು. ಕರೆಂಟು ಹೋದರೆ ಕುಲುಮೆ ತಕ್ಕಷ್ಟು ಕಾಯುವವರೆಗೆ ಹೊಯ್ಯಲು ಬಿಡದ ಬೀಗ ಬಂತು. ಪ್ರತಿಯೊಂದು ಕೇಬಲ್ಲನ್ನೂ ಹರಿಯದಷ್ಟೇ ಭಾರದಲ್ಲಿ ಒಮ್ಮೆ ಎಳೆದು ನೋಡಿ ಬಿಡುವ ಯಂತ್ರವೂ ಬಂತು. ನೂರಕ್ಕೊಂದು ಎಂಬ ಗೆರೆಯನ್ನು ಅಳಿಸಿದರು. ಹೊಸ ಗೆರೆಯ ಕೆಳಗೆ ಅದನ್ನು ಎಳೆದವರ ಹೆಸರು, ಯಾಕೆ ಎಳೆದರೆಂಬ ಎರಡು ಸಾಲು ಬರೆಯಲೇಬೇಕೆಂದು ಮೋಹೋಳಕರರೇ ನಿಯಮ ಮಾಡಿದರು. ಇವೆಲ್ಲ ಆಮೇಲಿನ ಮಾತು.

ಮೊದಲು ಕೇಬಲ್ ಬದಲಿಸುವ ಕೆಲಸ ಶುರುವಾಯಿತು. ನಾನು ಶಿವಾಜಿನಗರದ ಒಂದು ಸ್ಕೂಟರ್ ಅಂಗಡಿಯಲ್ಲಿ ನಿಂತು ನೋಡಲು ಹೋಗಿದ್ದೆ. ಗಾಡಿಗಳ ಸಾಲು ರಸ್ತೆಯವರೆಗೆ ಬಂದಿತ್ತು. ಬಿಸಿಲು. ಕಾಯುವವರು ಮೆಕ್ಯಾನಿಕ್ಕಿಗೆ ಬೈಯುತ್ತಿದ್ದರು. ಬೆಂಚಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕಾಯಿಪಲ್ಲೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತು, ಗಾಡಿಯ ಬಳಿ ನಿಂತ ಸೊಸೆಗೆ, “ಎಷ್ಟೊತ್ತು ನಿಂದ್ರೂದವಾ? ಆಟೋದಾಗ ಹೋಗಿದ್ರ ಇಷ್ಟೊತ್ತಿಗೆ ಅಡಗಿ ಆಗ್ತಿತ್ತು,” ಎನ್ನುತ್ತಿದ್ದರು. ನಮ್ಮ ಕಡೆಯ ಮಾತು ಕೇಳಿ ನಾನು ಪಕ್ಕದಲ್ಲಿ ಕೂತೆ.

“ಯಾವೂರ್ರಿ ನಿಮ್ದು?” ಎಂದರು ಅವರೇ.

“ಧಾರವಾಡರಿ.”

“ನಾವು ಹುಬ್ಬಳ್ಳಿಯವರು. ನಿಮ್ಮ ಗಾಡಿ ಯಾವುದು?”

“ನಂದು ಗಾಡಿ ಇಲ್ಲರಿ. ನಾನು ಈ ಕೇಬಲ್ ಮಾಡೋ ಕಾರ್ಖಾನಿಯವಳು.”

ಅಷ್ಟರಲ್ಲಿ ಮೆಕ್ಯಾನಿಕ್ ಅವರ ಸೊಸೆಯ ಸ್ಕೂಟರಿನಿಂದ ಹಳೆಯ ಕೇಬಲ್ಲನ್ನು ಬಿಚ್ಚಿ ಹೊರಗೆಳೆದ. ಹೊಸದರ ಹಾಗೇ ಮಿರುಗುತ್ತಿತ್ತು. ಗುಂಡು ಜಾಗದಲ್ಲೇ ಇತ್ತು. ಅದನ್ನು ಮೂಲೆಯ ಗೋಣಿಚೀಲಕ್ಕೆ ಎಸೆದ. ಆ ಹೆಂಗಸು ಚೀಲವನ್ನೂ ನನ್ನನ್ನೂ ನೋಡಿದರು.

“ಛಲೋ ಕಾಣ್ತದಲ್ರಿ ಅದು. ಏನಾಗಿತ್ತು ಅದಕ್ಕ?”

“ಏನೂ ಆಗಿರಲಿಕ್ಕಿಲ್ಲರಿ. ಹೆಚ್ಚು ಮಾಡಿ ಛಲೋನಽ ಇರಬೇಕು.”

“ಛಲೋ ಇದ್ರ ಯಾಕ ತೆಗೆದ್ರಿ ಮತ್ತ?”

“ಛಲೋ ಅದ ಅಂತ ನನಗ ಗೊತ್ತಿಲ್ಲರಿ,” ಎಂದೆ.

ಆಕೆ ನನ್ನ ಮುಖ ನೋಡಿದರು. ಎದ್ದು ಹೋಗಿ ಸೊಸೆಯ ಹಿಂದೆ ಕೂತು, ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಿಂದ ಅವಳ ಭುಜ ಹಿಡಿದರು. ಗಾಡಿ ಅಂಗಡಿಯ ಬಾಗಿಲಲ್ಲಿ ಒಮ್ಮೆ ನಿಂತು, ಬಸ್ಸು ಹೋಗಲು ಬಿಟ್ಟು, ರಸ್ತೆಗಿಳಿಯಿತು.